ಎರಡೂ ಕೈ ಬಿಚ್ಚಿ ನೋಡಿ

ಮಗಳು ಹುಟ್ಟಿದ ಕೂಡಲೇ ಅತ್ತಳು. ಜೋರಾಗಿಯೇ ಅತ್ತಳು. ತೂಕ 2.9 ಕೆಜಿ. ಮೈ ಒರೆಸಿ, ಬಟ್ಟೆಯಲ್ಲಿ ಸುತ್ತಿ ನನ್ನ ಪಕ್ಕ ಮಲಗಿಸಿದರು. ಬಟ್ಟೆಯಿಂದ ಹೊರಗೆ ಬಂದಿದ್ದು ಎಡಗೈ ಮಾತ್ರ. ಅದರ ಬೆರಳು ಎಣಿಸಿದೆ. ಐದಿದ್ದವು. ಅಷ್ಟಕ್ಕೇ ನೆಮ್ಮದಿಯಾಯಿತು.

ಬಲಗೈ ನೀಲಿಯಾಗಿತ್ತು ಅಂತ ಒರೆಸುವಾಗಲೇ ಯಾರೋ ಗಮನಿಸಿದ್ದರು. ಆದರೆ ಹುಟ್ಟಿದ ಕೂಸಿನ ಕೈಕಾಲು ಮೊದಲ ದಿನ ನೀಲಿ ಇರುವುದು ಸಹಜ. ಹೊಟ್ಟೆಯ ಬಿಸಿಯಿಂದ ಹೊರಗೆ ಬಂದ ಮೈ ರಕ್ತವನ್ನೆಲ್ಲ ಮೊದಲು ಎದೆಗೆ, ತಲೆಗೆ ಕಳಿಸುತ್ತೆ. ತುದಿಗಳಿಗೆ ಆಮೇಲೆ. ಹಾಗಾಗಿ ‘ಬೆಚ್ಚಗಿಟ್ಟರೆ ಸರಿಹೋಗುತ್ತೆ’ ಅಂದರು. ಬೆಚ್ಚಗೆ ಸುತ್ತಿದರು. ಸುತ್ತಿದ ಮೇಲೆ ಆ ಕೈ ಯಾರಿಗೂ ಕಾಣಲಿಲ್ಲ.

ಪಾಳಿ ಬದಲಾಗಿ ಬಂದ ಸಿಸ್ಟರ್ ಒಬ್ಬರು ಬಟ್ಟೆ ಪೂರ್ತಿ ಬಿಚ್ಚಿದರು. ಎರಡೂ ಕೈಗಳನ್ನು ಹಿಡಿದು ಅಕ್ಕಪಕ್ಕ ಇಟ್ಟರು. ಒಂದು ಗುಲಾಬಿ. ಇನ್ನೊಂದು ಮೊಣಕೈಯಿಂದ ಕೆಳಗೆ ಬಿಳಿಚಿಕೊಂಡು, ಬೆರಳ ತುದಿಗೆ ಹೋಗ್ತಾ ಹೋಗ್ತಾ ಕಪ್ಪು-ನೀಲಿ. ಅವರು ಎಡ ಅಂಗೈಯನ್ನು ಬೆರಳಿಂದ ಒತ್ತಿ ಬಿಟ್ಟರು. ಬೆಳ್ಳಗಾದ ಜಾಗ ಎರಡು ಎಣಿಸುವಷ್ಟರಲ್ಲಿ ಕೆಂಪಾಯಿತು. ಬಲ ಅಂಗೈ ಒತ್ತಿ ಬಿಟ್ಟರು. ಎಣಿಸಿದರು. ಎಣಿಸುತ್ತಲೇ ಇದ್ದರು. ಆಮೇಲೆ ಮಗುವನ್ನು ಎತ್ತಿಕೊಂಡು ಎದ್ದರು. ‘ಅಮ್ಮಾ, ಒಳಗೆ ಕರ್ಕೊಂಡು ಹೋಗ್ತೀನಿ, ನೀವು ಮಲಗಿರಿ’ ಅಂದರು. ಓಡಲಿಲ್ಲ. ಆದರೆ ಅವರು ನಡೆದ ವೇಗ ನನಗೆ ಇವತ್ತಿಗೂ ನೆನಪಿದೆ.

ಇದೆಲ್ಲ ಆಗಿ ಒಂಬತ್ತು ವರ್ಷ ಆಯಿತು. ಇಷ್ಟು ದಿನ ಬರೆಯಲು ಆಗಿರಲಿಲ್ಲ. ಈಗ ಬರೆಯುತ್ತಿರುವುದು ಒಂದೇ ಕಾರಣಕ್ಕೆ. ಹಸುಗೂಸಿಗೆ ಸ್ಟ್ರೋಕ್ ಆಗುತ್ತೆ, ಅಂದರೆ ಮೆದುಳಿಗೆ ರಕ್ತ ಹೋಗುವುದು ನಿಲ್ಲುತ್ತೆ, ಅದರ ಕೈಯಲ್ಲೋ ಕಾಲಲ್ಲೋ ರಕ್ತ ಕಟ್ಟಿ ನಿಲ್ಲುತ್ತೆ ಅನ್ನುವುದೇ ಜಾಸ್ತಿ ಜನಕ್ಕೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ. ಲಕ್ವ ಅಂದರೆ ವಯಸ್ಸಾದವರ ಕಾಯಿಲೆ ಅಂದುಕೊಂಡಿದ್ದೆ. ಕೂಸು ‘ನನ್ನ ಬಲಗೈ ಜೋಮು ಹಿಡಿದಿದೆ’ ಅಂತ ಹೇಳುವುದಿಲ್ಲ. ಬಾಯಿ ಸೊಟ್ಟಗಾಯಿತಾ, ಮಾತು ತೊದಲಿತಾ ಅಂತ ನೋಡುವ ಹಾಗೂ ಇಲ್ಲ. ಅದು ಮಾತೇ ಆಡುವುದಿಲ್ಲ ಅಲ್ವಾ? ಅದರ ಮೈ ಹೇಳಬಹುದಾದ ಮಾತು ಹೆಚ್ಚುಕಡಿಮೆ ಒಂದೇ: ಎಡಕ್ಕೂ ಬಲಕ್ಕೂ ಇರುವ ವ್ಯತ್ಯಾಸ.

ಎನ್‌ಐಸಿಯುನಲ್ಲಿ, ಅಂದರೆ ಹಸುಗೂಸುಗಳ ತೀವ್ರ ನಿಗಾ ಘಟಕದಲ್ಲಿ, ಮೊದಲು ಮಾಡಿದ್ದೂ ಅದನ್ನೇ. ನಾಲ್ಕೂ ಕೈಕಾಲಿಗೆ ಬಿಪಿ ಪಟ್ಟಿ ಕಟ್ಟಿ ನೋಡಿದರು. ಡಾಪ್ಲರ್ ಅನ್ನುವ ಚಿಕ್ಕ ಕಡ್ಡಿಯಂಥ ಯಂತ್ರವನ್ನು ಮಣಿಕಟ್ಟಿಗೆ ಇಟ್ಟರು. ಎಡ ಮಣಿಕಟ್ಟಿನಲ್ಲಿ ಶೂ, ಶೂ, ಶೂ ಅಂತ ರಕ್ತ ಹರಿಯುವ ಸದ್ದು. ಬಲಗಡೆ ಬರೀ ಗರಗರ. ತೋಳಿನ ಮೇಲ್ಭಾಗಕ್ಕೆ ಸರಿಸಿದಾಗ ಸದ್ದು ಸಿಕ್ಕಿತು. ಅಂದರೆ ರಕ್ತ ಅಲ್ಲಿವರೆಗೆ ಬಂದು ನಿಂತಿತ್ತು. ಮೊಣಕೈಗಿಂತ ಸ್ವಲ್ಪ ಮೇಲೆ ಹೆಪ್ಪುಗಟ್ಟಿದ ರಕ್ತದ ಚೂರೊಂದು ಸಿಕ್ಕಿಹಾಕಿಕೊಂಡಿತ್ತು.

ಎಷ್ಟು ಚಿಕ್ಕ ಚೂರು ಸಾಕು ಅಂತ ಆಮೇಲೆ ತಿಳಿಯಿತು. ಹುಟ್ಟಿದ ಮಗುವಿನ ಮೈಯಲ್ಲಿ ಕೆಜಿ ತೂಕಕ್ಕೆ ಸುಮಾರು 80 ಮಿಲಿ ರಕ್ತ ಇರುತ್ತೆ. ನನ್ನ ಮಗಳ ಮೈಯಲ್ಲಿದ್ದ ಒಟ್ಟು ರಕ್ತ ಒಂದು ಲೋಟದಷ್ಟು. ಮಣಿಕಟ್ಟಿನ ನಾಳದ ಅಗಲ ಒಂದು ಮಿಲಿಮೀಟರ್ ಕೂಡ ಇಲ್ಲ.

ನನಗೆ ಆ ಕೈಯದ್ದೇ ಚಿಂತೆ. ಡಾಕ್ಟರ್ ಯಾಕೆ ತಲೆಯ ಸ್ಕ್ಯಾನ್ ಬೇಕು ಅಂತಿದ್ದಾರೆ ಅಂತ ಅರ್ಥವಾಗಲಿಲ್ಲ. ‘ಕೈ ತೋರಿಸಿದರೆ ತಲೆ ನೋಡ್ತಾರಲ್ಲ’ ಅಂತ ಅಮ್ಮನ ಹತ್ತಿರ ಸಿಟ್ಟಿನಲ್ಲಿ ಅಂದೆ. ಡಾಕ್ಟರ್ ಪಕ್ಕದಲ್ಲಿ ಕೂತು, ಕಾಗದದ ಮೇಲೆ ಗೆರೆ ಎಳೆದು ವಿವರಿಸಿದರು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಹೊಟ್ಟೆಯಲ್ಲಿರುವ ಮಗು ಶ್ವಾಸಕೋಶದಿಂದ ಉಸಿರಾಡುವುದಿಲ್ಲ. ಮಾಸಿನಿಂದ ಹೊಕ್ಕುಳಬಳ್ಳಿಯ ಮೂಲಕ ರಕ್ತ ಬರುತ್ತೆ. ಹೃದಯದ ಬಲ ಮೇಲ್ಕೋಣೆಗೂ ಎಡ ಮೇಲ್ಕೋಣೆಗೂ ನಡುವೆ ಒಂದು ಸಣ್ಣ ಕಿಂಡಿ ಇರುತ್ತೆ. ಬಂದ ರಕ್ತದಲ್ಲಿ ಹೆಚ್ಚಿನ ಪಾಲು ಆ ಕಿಂಡಿಯಲ್ಲಿ ತೂರಿ ಎಡಕ್ಕೆ ಬಂದು, ಅಲ್ಲಿಂದ ನೇರ ತಲೆಗೂ ತೋಳುಗಳಿಗೂ ಹೋಗುತ್ತೆ. ನಮ್ಮ ಮೈಯಲ್ಲಾದರೆ ಕಾಲಿನ ರಕ್ತನಾಳದಿಂದ ಹೊರಟ ರಕ್ತದ ಗಡ್ಡೆ ಸಾಮಾನ್ಯವಾಗಿ ಶ್ವಾಸಕೋಶದಲ್ಲಿ ಸಿಕ್ಕಿಕೊಳ್ಳುತ್ತೆ. ಅದು ಅಪಾಯವೇ, ಆದರೆ ಮೆದುಳಿಗೆ ತಲುಪುವುದಿಲ್ಲ. ಹೊಟ್ಟೆಯೊಳಗಿನ ಮಗುವಿಗೆ ಆ ಜರಡಿ ಇಲ್ಲ. ಮಾಸಿನಲ್ಲಿ ಹೆಪ್ಪುಗಟ್ಟಿದ ಒಂದು ಚೂರು ಸಡಿಲವಾದರೆ, ಮೇಲಕ್ಕೆ ಹೋದರೆ ಮೆದುಳು, ಪಕ್ಕಕ್ಕೆ ಹೊರಳಿದರೆ ತೋಳು. ‘ತೋಳಿಗೆ ಒಂದು ಬಂದಿದೆ ಅಂದರೆ ಮೇಲಕ್ಕೆ ಇನ್ನೊಂದು ಹೋಗಿಲ್ಲ ಅಂತ ಹೇಗೆ ಹೇಳೋಣ ಅಮ್ಮ? ಅಲ್ಲದೆ ರಕ್ತ ತೆಳುವಾಗುವ ಔಷಧಿ ಕೊಡುವ ಮೊದಲು ಮೆದುಳಲ್ಲಿ ರಕ್ತಸ್ರಾವ ಇಲ್ಲ ಅಂತ ಖಾತ್ರಿ ಆಗಬೇಕು’ ಅಂದರು.

ನೆತ್ತಿಯ ಮೇಲೆ ಅಲ್ಟ್ರಾಸೌಂಡ್ ಮಾಡಿದರು. ಏನೂ ಕಾಣಲಿಲ್ಲ. ನಾವು ಖುಷಿಪಟ್ಟೆವು. ಶುರುವಿನಲ್ಲಿ ಇಂಥ ಸ್ಟ್ರೋಕ್ ಅಲ್ಟ್ರಾಸೌಂಡಿಗೆ ಎಷ್ಟೋ ಸಲ ಕಾಣುವುದೇ ಇಲ್ಲ ಅಂತ ಗೊತ್ತಾಗಿದ್ದು ಮರುದಿನ.

ಮರುದಿನ ಮಧ್ಯಾಹ್ನ ಅವಳ ಬಲಗಾಲು ಅದುರತೊಡಗಿತು. ದೊಡ್ಡವರಿಗೆ ಫಿಟ್ಸ್ ಬಂದ ಹಾಗಲ್ಲ. ಕಣ್ಣು ತೆರೆದೇ ಇತ್ತು. ಅಳುತ್ತಿರಲಿಲ್ಲ. ಒಂದು ಪಾದ ಮಾತ್ರ ತಾಳ ಹಾಕಿದ ಹಾಗೆ ಒಂದೇ ಸಮನೆ ಕುಣಿಯುತ್ತಿತ್ತು. ಹಸುಗೂಸುಗಳು ಸುಮ್ನೆ ನಡುಗುವುದೂ ಉಂಟು. ಸಿಸ್ಟರ್ ಆ ಪಾದವನ್ನು ಮೆತ್ತಗೆ ಮಡಚಿ ಹಿಡಿದರು. ಬರೀ ನಡುಕವಾದರೆ ಹಿಡಿದಾಗ ನಿಲ್ಲುತ್ತೆ. ನಿಲ್ಲಲಿಲ್ಲ. ಅವರ ಅಂಗೈಯೊಳಗೆ ಅದು ಅದೇ ತಾಳದಲ್ಲಿ ಮಿಡಿಯಿತು. ಆ ಕ್ಷಣ ಅಲ್ಲಿದ್ದವರ ಮುಖ ನೋಡಿ ನನಗೆ ಹೆಸರು ಗೊತ್ತಿಲ್ಲದೆಯೂ ವಿಷಯ ಗೊತ್ತಾಯಿತು.

ಅಲ್ಲಿವರೆಗೆ ಬಲಗೈ ಆಡದೆ ಬಿದ್ದಿರುವುದಕ್ಕೆ ನಾವೆಲ್ಲ ಒಂದೇ ಕಾರಣ ಹೇಳಿಕೊಂಡಿದ್ದೆವು. ರಕ್ತ ಇಲ್ಲ, ನೋವಿದೆ, ಹಾಗಾಗಿ ಆಡಿಸುತ್ತಿಲ್ಲ. ಎಡ ಅಂಗೈಗೆ ಬೆರಳು ಇಟ್ಟರೆ ಗಟ್ಟಿಯಾಗಿ ಹಿಡಿಯುತ್ತಿದ್ದಳು. ಬಲ ಅಂಗೈ ಹಿಡಿಯುತ್ತಿರಲಿಲ್ಲ. ಈಗ ಪ್ರಶ್ನೆ ಬದಲಾಯಿತು. ತೊಂದರೆ ಕೈಯಲ್ಲಿದೆಯೋ, ಕೈಯನ್ನು ಆಡಿಸುವ ಜಾಗದಲ್ಲಿದೆಯೋ? ಉತ್ತರ ಕೊಟ್ಟಿದ್ದು ಕಾಲು. ಬಲಗಾಲಿಗೆ ರಕ್ತ ಚೆನ್ನಾಗಿ ಹರಿಯುತ್ತಿತ್ತು. ಅದು ಅದುರುತ್ತಿದ್ದರೆ ಮೇಲೆ, ಮೈಯ ಬಲಗಡೆಯನ್ನು ಆಡಿಸುವ ಮೆದುಳಿನ ಎಡಭಾಗದಲ್ಲಿ ಏನೋ ಆಗಿದೆ ಅಂತಲೇ ಅರ್ಥ.

ಮೆದುಳಿನ ವಿದ್ಯುತ್ ಅಲೆ ನೋಡುವ ಇಇಜಿ ಮಾಡಿದರು. ಫಿಟ್ಸ್ ತಡೆಯುವ ಔಷಧಿ ಫೀನೋಬಾರ್ಬಿಟೋನ್ ಕೊಟ್ಟರು. ಮೂರನೇ ದಿನ ಎಂಆರ್‌ಐ ಆಯಿತು. ಹಾಲು ಕುಡಿಸಿ, ಬೆಚ್ಚಗೆ ಬಿಗಿಯಾಗಿ ಸುತ್ತಿ, ಕಿವಿಗೆ ಮೆತ್ತೆ ಇಟ್ಟು ನಿದ್ದೆಯಲ್ಲೇ ಯಂತ್ರದೊಳಗೆ ಕಳಿಸಿದರು. ಡಿಫ್ಯೂಷನ್ ಅನ್ನುವ ಒಂದು ಬಗೆಯ ಚಿತ್ರದಲ್ಲಿ ಹೊಸ ಸ್ಟ್ರೋಕ್ ಬೆಳ್ಳಗೆ ಹೊಳೆಯುತ್ತೆ. ಮೊದಲ ಕೆಲವು ದಿನ ಮಾತ್ರ. ವಾರ ಕಳೆದರೆ ಆ ಹೊಳಪು ಮಾಸುತ್ತೆ. ಅವಳ ಮೆದುಳಿನ ಎಡಗಡೆ ಆ ಬಿಳುಪು ಎದ್ದು ಕಾಣುತ್ತಿತ್ತು. ಮೆದುಳಿಗೆ ರಕ್ತ ಒಯ್ಯುವ ಮಿಡಲ್ ಸೆರೆಬ್ರಲ್ ಧಮನಿ ಅಂತ ಒಂದು ನಾಳ ಇದೆ. ಕೂಸುಗಳ ಸ್ಟ್ರೋಕ್ ಹೆಚ್ಚಾಗಿ ಆಗುವುದು ಅದರಲ್ಲೇ, ಅದೂ ಎಡಗಡೆಯೇ ಜಾಸ್ತಿ.

ಇದು ಎಷ್ಟು ಅಪರೂಪ ಅಂತ ಕೇಳಿದೆ. ಅಷ್ಟೇನೂ ಅಪರೂಪ ಅಲ್ಲ. ಬೇರೆ ಬೇರೆ ಲೆಕ್ಕಗಳು ಸುಮಾರು 2,500 ರಿಂದ 5,000 ಹೆರಿಗೆಗೆ ಒಂದು ಅನ್ನುತ್ತವೆ. ಹೊಟ್ಟೆಯಲ್ಲಿ 20 ವಾರ ತುಂಬಿದಾಗಿನಿಂದ ಹುಟ್ಟಿದ 28 ದಿನದವರೆಗೆ ಆಗುವುದನ್ನು ಈ ಲೆಕ್ಕಕ್ಕೆ ಸೇರಿಸುತ್ತಾರೆ. ಇಡೀ ಬಾಲ್ಯದಲ್ಲಿ ಸ್ಟ್ರೋಕ್‌ ಭಯ ಅತಿ ಹೆಚ್ಚಾಗಿರುವುದು ಹುಟ್ಟುವ ಆಸುಪಾಸಿನ ಆ ಕೆಲವೇ ದಿನಗಳಲ್ಲಿ.

ಇಲ್ಲಿ ನನಗೆ ಬಹಳ ಕಷ್ಟವಾದ ಮಾತೊಂದಿತ್ತು. ದೊಡ್ಡವರಿಗೆ ಸ್ಟ್ರೋಕ್ ಆದರೆ ನಾಲ್ಕೂವರೆ ಗಂಟೆಯೊಳಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ನನ್ನ ಮಗಳಿಗೆ ಯಾಕಿಲ್ಲ? ಯಾವಾಗ ಆಯಿತು ಅಂತಲೇ ಗೊತ್ತಿಲ್ಲ. ಹೆರಿಗೆಯ ಹೊತ್ತಿಗೋ, ಎರಡು ದಿನ ಮೊದಲೋ. ಗೊತ್ತಾಗುವಷ್ಟರಲ್ಲಿ ಆಗಬೇಕಾದ್ದು ಆಗಿಹೋಗಿರುತ್ತೆ. ಕೂಸಿನ ಮೆದುಳಲ್ಲಿ ರಕ್ತಸ್ರಾವದ ಅಪಾಯ ಬೇರೆ. ಹಾಗಾಗಿ ಮೆದುಳಿಗೆ ಮಾಡುವುದು ಕಾಯುವ ಕೆಲಸ: ಫಿಟ್ಸ್ ತಡೆಯುವುದು, ಸಕ್ಕರೆ ಇಳಿಯದ ಹಾಗೆ, ಮೈ ಬಿಸಿ ಏರದ ಹಾಗೆ, ಉಸಿರು ನಿಲ್ಲದ ಹಾಗೆ ನೋಡಿಕೊಳ್ಳುವುದು. ರಕ್ತ ತೆಳುಮಾಡುವ ಔಷಧಿಯನ್ನೂ ಬರೀ ಮೆದುಳಿನ ಸಲುವಾಗಿ ಸಾಮಾನ್ಯವಾಗಿ ಕೊಡುವುದಿಲ್ಲ, ಯಾಕೆಂದರೆ ಇದು ಮತ್ತೆ ಆಗುವುದು ತೀರಾ ಕಡಿಮೆ.

ಕೈಯ ಕಥೆ ಬೇರೆ. ಕೈಯನ್ನು ಉಳಿಸಲು ಇನ್ನೂ ಹೊತ್ತಿತ್ತು. ಮೆದುಳಿಗೆ ರಕ್ತ ತೆಳುವಾದರೆ ಭಯ, ಕೈಗೆ ಗಟ್ಟಿಯಾದರೆ ಭಯ. ಒಂದೇ ಮೈಯಲ್ಲಿ ಎರಡೂ. ಮೂರು ವಿಭಾಗದ ಡಾಕ್ಟರುಗಳು ಕೂತು ಮಾತಾಡಿದರು. ಸ್ಕ್ಯಾನ್‌ನಲ್ಲಿ ಎಲ್ಲೂ ರಕ್ತ ಸೋರಿಲ್ಲ ಅಂತ ನೋಡಿಕೊಂಡು ರಕ್ತ ತೆಳುಮಾಡುವ ಹೆಪಾರಿನ್ ಶುರು ಮಾಡಿದರು. ಆಮೇಲೆ ಚರ್ಮದ ಕೆಳಗೆ ದಿನಕ್ಕೆ ಎರಡು ಸಲ ಕೊಡುವ, ಅದೇ ಬಗೆಯ ಎನಾಕ್ಸಪರಿನ್. ಅದರ ಪ್ರಮಾಣ ತೂಕಕ್ಕೆ ಹೋಲಿಸಿದರೆ ದೊಡ್ಡವರಿಗಿಂತ ಕೂಸಿಗೇ ಜಾಸ್ತಿ ಬೇಕಂತೆ. ಅವರ ರಕ್ತದ ಹೆಪ್ಪುಗಟ್ಟುವ ವ್ಯವಸ್ಥೆಯೇ ಬೇರೆ. ಹೆಪ್ಪಾಗಿಸುವ ಅಂಶಗಳೂ ಕಡಿಮೆ, ಹೆಪ್ಪಾಗದ ಹಾಗೆ ತಡೆಯುವ ಅಂಶಗಳೂ ಕಡಿಮೆ. ತಕ್ಕಡಿಯ ಎರಡೂ ತಟ್ಟೆಗಳು ಹಗುರ. ಹಾಗಾಗಿ ಸಣ್ಣದೊಂದು ತಳ್ಳು ಸಾಕು, ಯಾವ ಕಡೆಗಾದರೂ ವಾಲುತ್ತೆ.

ಆ ದಿನಗಳಲ್ಲೇ ಪಕ್ಕದ, ಕೂಸನ್ನು ಬೆಚ್ಚಗಿಡುವ ವಾರ್ಮರ್‌ನಲ್ಲಿದ್ದ ಮಗುವಿನಲ್ಲಿ ಇನ್ನೊಂದು ಬಗೆ ನೋಡಿದೆ. ಅವಧಿಗೆ ಮುಂಚೆ ಹುಟ್ಟಿದ ಕೂಸು. ಹೊಕ್ಕುಳಿನ ಧಮನಿಗೆ ತೆಳು ನಳಿಗೆ ಹಾಕಿದ್ದರು. ಬಿಪಿ ನೋಡಲು, ರಕ್ತ ತೆಗೆಯಲು ಅದು ಬೇಕು. ಪ್ರತಿ ಸಲ ಚುಚ್ಚುವ ನೋವು ತಪ್ಪುತ್ತೆ. ಆದರೆ ಅಷ್ಟು ಸಣ್ಣ ನಾಳದಲ್ಲಿ ನಳಿಗೆ ಇದ್ದರೆ ಸುತ್ತ ಹೆಪ್ಪುಗಟ್ಟಬಹುದು, ಇಲ್ಲವೇ ನಾಳವೇ ಮುದುಡಿಕೊಳ್ಳಬಹುದು. ಹಸುಗೂಸುಗಳ ಕೈಕಾಲಿನ ಧಮನಿ ಕಟ್ಟುವುದಕ್ಕೆ ಬಹುಪಾಲು ಕಾರಣ ಇಂಥ ನಳಿಗೆಗಳೇ. ನನ್ನ ಮಗಳ ಹಾಗೆ ಹುಟ್ಟುವಾಗಲೇ ಆಗಿರುವುದು ಕಡಿಮೆ.

ಆ ಮಗುವಿನ ಒಂದು ಪಾದದ ಬೆರಳುಗಳು ನೀಲಿಗಟ್ಟಿದವು. ಸಿಸ್ಟರ್ ಏನು ಮಾಡಿದರು ಗೊತ್ತಾ? ಡಾಕ್ಟರನ್ನು ಕೂಗಿ, ಬೆಚ್ಚಗಿನ ಬಟ್ಟೆ ತಂದು ಚೆನ್ನಾಗಿದ್ದ ಪಾದಕ್ಕೆ ಸುತ್ತಿದರು. ನೀಲಿ ಪಾದವನ್ನು ಹಾಗೇ ತೆರೆದು ಬಿಟ್ಟರು. ನನಗೆ ತಪ್ಪು ಕಾಲಿಗೆ ಸುತ್ತಿದ್ದಾರೆ ಅನಿಸಿತು. ಕೇಳಿಯೂ ಬಿಟ್ಟೆ. ರಕ್ತ ಇಲ್ಲದ ಪಾದಕ್ಕೆ ಬಿಸಿ ಕೊಟ್ಟರೆ ಅದು ಸುಡುತ್ತೆ, ಇರುವ ಅಷ್ಟಿಷ್ಟು ಆಮ್ಲಜನಕವೂ ಬೇಗ ಖರ್ಚಾಗುತ್ತೆ. ಒಳ್ಳೆಯ ಪಾದಕ್ಕೆ ಬಿಸಿ ಕೊಟ್ಟರೆ ನರಗಳ ಮೂಲಕ ಇನ್ನೊಂದರ ನಾಳಗಳೂ ಸಡಿಲಗೊಳ್ಳುತ್ತವೆ. ಒಂದು ಕಾಲಿಗೆ ಕೊಟ್ಟ ಬಿಸಿ ಇನ್ನೊಂದು ಕಾಲಿಗೆ ಕೇಳಿಸುತ್ತೆ! ಬೇಗ ನೀಲಿ ಬಿಡದ ಕಾರಣ ಡಾಕ್ಟರ್ ನಳಿಗೆಯನ್ನೇ ತೆಗೆದರು. ಸಂಜೆಯೊಳಗೆ ಬೆರಳುಗಳು ಕೆಂಪಾದವು. ಆ ತಾಯಿ ಅವತ್ತು ಅತ್ತಿದ್ದಕ್ಕೆ ನಾನೂ ಅತ್ತೆ.

ನನ್ನ ಮಗಳ ಕೈ ಅಷ್ಟು ಬೇಗ ಕೆಂಪಾಗಲಿಲ್ಲ. ಎರಡು ದಿನಕ್ಕೆ ಮಣಿಕಟ್ಟಿನವರೆಗೆ ಬಣ್ಣ ಬಂತು. ಅಂಗೈಗೆ ಬಂತು. ಮಧ್ಯದ ಎರಡು ಬೆರಳ ತುದಿ ಮಾತ್ರ ಕಪ್ಪಾಗಿ, ಒಣಗಿ, ಹಾಗೇ ಉಳಿದವು. ‘ಕತ್ತರಿಸ್ತೀರಾ?’ ಅಂತ ಕೇಳಲು ನನಗೆ ಒಂದು ವಾರ ಬೇಕಾಯಿತು. ಸರ್ಜನ್ ಇಲ್ಲ ಅಂದರು. ಯಾವುದು ಬದುಕಿದೆ, ಯಾವುದು ಇಲ್ಲ ಅಂತ ಮೈಯೇ ಗೆರೆ ಎಳೆಯುತ್ತೆ, ಅವಸರ ಮಾಡಬಾರದು, ಕೂಸಿನ ಮೈ ನಾವು ಎಣಿಸಿದ್ದಕ್ಕಿಂತ ಜಾಸ್ತಿ ಉಳಿಸಿಕೊಳ್ಳುತ್ತೆ ಅಂದರು. ಮೊದಲು ಕಪ್ಪಾಗಿ ಕಂಡಿದ್ದರಲ್ಲಿ ಅರ್ಧದಷ್ಟು ನಿಜಕ್ಕೂ ಬದುಕಿತ್ತು. ಕೆಲವು ವಾರಗಳ ನಂತರ ಉಳಿದ ತುದಿ ಒಣಗಿದ ಹೊಕ್ಕುಳಬಳ್ಳಿಯ ಹಾಗೆ ತಾನಾಗಿ ಬಿದ್ದುಹೋಯಿತು. ಕೆಳಗೆ ಹೊಸ ಚರ್ಮ ಇತ್ತು.

‘ನಾನೇನು ಮಾಡಿದೆ?’ ಅನ್ನುವ ಪ್ರಶ್ನೆಗೆ ಬರುತ್ತೇನೆ. ಎಲ್ಲ ತಾಯಂದಿರೂ ಕೇಳಿಕೊಳ್ಳುತ್ತಾರೆ. ಭಾರ ಎತ್ತಿದೆನಾ, ಒಂದೇ ಮಗ್ಗುಲಲ್ಲಿ ಮಲಗಿದೆನಾ, ನೋವು ಬಂದಾಗ ತಡಮಾಡಿದೆನಾ. ನನ್ನ ವಿಷಯದಲ್ಲಿ ಸಿಕ್ಕಿದ ಸುಳಿವು ಇಷ್ಟೇ: ಮೊದಲ ಹೆರಿಗೆ, ನೀರು ಒಡೆದು ಬಹಳ ಹೊತ್ತಾಗಿತ್ತು, ಆಮೇಲೆ ಸ್ವಲ್ಪ ಜ್ವರ. ಇವೆಲ್ಲ ಇಂಥ ಮಕ್ಕಳ ತಾಯಂದಿರಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತವೆ. ಆದರೆ ಇವೇ ಇದ್ದ ಸಾವಿರಾರು ತಾಯಂದಿರ ಮಕ್ಕಳು ಆರಾಮಾಗಿ ಹುಟ್ಟುತ್ತಾರೆ. ಮಾಸನ್ನು ಪರೀಕ್ಷೆಗೆ ಕಳಿಸಿದ್ದರೆ ಇನ್ನೇನಾದರೂ ಸಿಗುತ್ತಿತ್ತೇನೋ. ಅಷ್ಟರಲ್ಲಿ ಅದನ್ನು ಎಸೆದಾಗಿತ್ತು. ಈ ಒಂದು ವಿಷಯಕ್ಕೆ ನನಗೆ ಇನ್ನೂ ಬೇಜಾರಿದೆ. ಮಗು ಹುಟ್ಟುವಾಗಲೇ ಏನಾದರೂ ಸರಿಯಿಲ್ಲ ಅನಿಸಿದರೆ ಮಾಸನ್ನು ಇಟ್ಟುಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಈ ತಪ್ಪು ಹುಡುಕುವ ಅಭ್ಯಾಸ ಹಳೆಯದು. ಲಂಡನ್ನಿನ ವಿಲಿಯಂ ಜಾನ್ ಲಿಟಲ್ ಅನ್ನುವ ಸರ್ಜನ್ 1861 ರಲ್ಲಿ, ಮಕ್ಕಳ ಕೈಕಾಲು ಬಿಗಿತಕ್ಕೆ ಕಷ್ಟದ ಹೆರಿಗೆಯೇ ಕಾರಣ ಅಂತ ವಾದಿಸಿದರು. ಎಲ್ಲರೂ ಅದನ್ನೇ ನಂಬಿದರು. ಮನಸ್ಸಿನ ಡಾಕ್ಟರ್ ಅಂತ ನಾವು ತಿಳಿದಿರುವ ಸಿಗ್ಮಂಡ್ ಫ್ರಾಯ್ಡ್ ಅದಕ್ಕೂ ಮೊದಲು ನರರೋಗದ ಡಾಕ್ಟರ್ ಆಗಿದ್ದರು. ಮಕ್ಕಳ ಪಾರ್ಶ್ವವಾಯು ಬಗ್ಗೆ 1897 ರಲ್ಲಿ ಬರೆದಾಗ ಅವರು ತಿರುಗಿಸಿ ಕೇಳಿದರು: ಹೆರಿಗೆ ಕಷ್ಟವಾಗಿದ್ದೇ ಒಳಗೆ ಮೊದಲೇ ಏನೋ ಆಗಿದ್ದರ ಗುರುತು ಇರಬಹುದಲ್ಲ? ಇದನ್ನು ಓದಿದ ರಾತ್ರಿ ನನಗೆ ಚೆನ್ನಾಗಿ ನಿದ್ದೆ ಬಂತು. ಹೆರಿಗೆ ಕೋಣೆಯ ಪ್ರತಿ ನಿಮಿಷವನ್ನೂ ತಿರುಗಿಸಿ ತಿರುಗಿಸಿ ನೋಡುವುದನ್ನು ಅವತ್ತಿನಿಂದ ಬಿಟ್ಟೆ.

ಆಸ್ಪತ್ರೆಯಿಂದ ಹೊರಡುವಾಗ ನಮಗೆ ಒಂದು ವಿಷಯವಾದರೂ ಗೊತ್ತಿತ್ತು. ಅವಳ ಕೈ ಕಪ್ಪಾಗಿದ್ದರಿಂದಲೇ ತಲೆಯ ವಿಷಯವೂ ಬೇಗ ಹೊರಗೆ ಬಂತು. ಫಿಸಿಯೋಥೆರಪಿಯಲ್ಲಿ ಸಿಕ್ಕ ಇನ್ನೊಬ್ಬ ತಾಯಿಗೆ ಅಷ್ಟೂ ಗೊತ್ತಿರಲಿಲ್ಲ. ಅವರ ಮಗ ಹುಟ್ಟಿದಾಗ ಏನೂ ಇರಲಿಲ್ಲ. ಫಿಟ್ಸ್ ಬರಲಿಲ್ಲ. ಹಾಲು ಚೆನ್ನಾಗಿ ಕುಡಿದ. ಐದು ತಿಂಗಳಿಗೆ ಏನು ಕೊಟ್ಟರೂ ಎಡಗೈಯಲ್ಲೇ ತಗೊಳ್ಳುತ್ತಿದ್ದ. ಬಲಗೈ ಮುಷ್ಟಿ, ಹೆಬ್ಬೆರಳು ಒಳಗೆ. ‘ಎಡಚ ಆಗ್ತಾನೆ ಬಿಡಿ’ ಅಂತ ಎಲ್ಲರೂ ಮೆಚ್ಚಿಕೊಂಡರು. ಅವರಿಗೂ ಹೆಮ್ಮೆಯೇ ಆಗಿತ್ತಂತೆ. ಎಂಆರ್‌ಐ ಆದಾಗ ಹಳೆಯ ಗಾಯದ ಗುರುತು ಕಂಡಿತು. ಹುಟ್ಟುವ ಹೊತ್ತಿನಲ್ಲೇ ಆಗಿದ್ದು.

ಒಂದು ವರ್ಷ ತುಂಬುವ ಮೊದಲು ಮಗು ಎಡಚನೂ ಅಲ್ಲ, ಬಲಗೈಯವನೂ ಅಲ್ಲ. ಎರಡೂ ಕೈಗಳನ್ನು ಸಮವಾಗಿ ಬಳಸಬೇಕು. ಅದಕ್ಕೂ ಮೊದಲೇ ಒಂದು ಕೈಯನ್ನು ಮಾತ್ರ ಆರಿಸಿಕೊಂಡರೆ ಇನ್ನೊಂದು ಕೈ ಯಾಕೆ ಬರುತ್ತಿಲ್ಲ ಅಂತ ಕೇಳಬೇಕು. ಈ ಒಂದು ಮಾತನ್ನು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ. ಕೆಲವರಿಗೆ ಬೇಸರವಾಗುತ್ತೆ, ಆದರೂ ಹೇಳುತ್ತೇನೆ.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡುತ್ತೇನೆ. ಫಿಟ್ಸ್ ಔಷಧಿಯನ್ನು ಕೆಲವು ತಿಂಗಳಲ್ಲಿ ನಿಲ್ಲಿಸಿದರು. ಸ್ವಲ್ಪ ತಡವಾಗಿ, ಒಂದೂವರೆ ವರ್ಷಕ್ಕೆ ನಡೆದಳು. ಬಲ ಹಿಮ್ಮಡಿ ಇನ್ನೂ ಸ್ವಲ್ಪ ಎತ್ತಿಕೊಂಡೇ ಇರುತ್ತೆ, ಶೂ ಒಳಗೆ ಪಟ್ಟಿ ಹಾಕುತ್ತಾಳೆ. ಮಾತಿನ ಬಗ್ಗೆ ನನಗೆ ಬಹಳ ಹೆದರಿಕೆ ಇತ್ತು, ಏಕೆಂದರೆ ಮಾತಿನ ಜಾಗ ಹೆಚ್ಚಿನವರಿಗೆ ಮೆದುಳಿನ ಎಡಗಡೆ. ಆದರೆ ಕೂಸಿನ ಮೆದುಳಲ್ಲಿ ಇನ್ನೂ ಜಾಗ ಹಂಚಿಕೆ ಮುಗಿದಿರುವುದಿಲ್ಲ. ಎಡಗಡೆ ಗಾಯವಾದರೆ ಎಷ್ಟೋ ಮಕ್ಕಳಲ್ಲಿ ಬಲಗಡೆ ಮಾತನ್ನು ವಹಿಸಿಕೊಳ್ಳುತ್ತೆ. ಇವಳು ಈಗ ಮಾತು ನಿಲ್ಲಿಸುವುದೇ ಇಲ್ಲ.

ಕೈ ಮಾತ್ರ ದಿನದಿನದ ಕೆಲಸ. ಎರಡು ವರ್ಷದವಳಿದ್ದಾಗ ಒಳ್ಳೆಯ ಕೈಗೆ ದಿನಕ್ಕೆ ಎರಡು ಗಂಟೆ ದಪ್ಪ ಕೈಗವಸು ಹಾಕಿ ಕಟ್ಟಬೇಕಿತ್ತು. ಆಗ ಬಲಗೈ ಬಳಸದೆ ಗತಿಯಿಲ್ಲ. ಬಳಸದ ಕೈಯನ್ನು ಮೆದುಳು ಮರೆತುಬಿಡುತ್ತೆ, ಮರೆಯಲು ಬಿಡಬಾರದು ಅನ್ನುವುದು ಅದರ ಹಿಂದಿನ ಲೆಕ್ಕ. ಚೆನ್ನಾಗಿರುವ ಕೈಯನ್ನು ಕಟ್ಟಿ, ಆಟದ ಸಾಮಾನು ಎದುರಿಗಿಟ್ಟು, ಅಳುವ ಮಗುವಿನ ಮುಂದೆ ಕೂತಿರುವುದು ಎಷ್ಟು ಕಷ್ಟ ಅಂತ ಹೇಳಲು ನನಗೆ ಬರುವುದಿಲ್ಲ. ಮೊದಲ ವಾರ ನಾನು ಎರಡು ಸಲ ಕೈಗವಸು ಬಿಚ್ಚಿಬಿಟ್ಟೆ. ಹನ್ನೊಂದನೇ ದಿನ ಅವಳು ಬಲಗೈಯಿಂದ ಒಂದು ಮರದ ತುಂಡನ್ನು ಎತ್ತಿದಳು. ಎತ್ತಿ ಕೆಳಗೆ ಹಾಕಲು ಬರಲಿಲ್ಲ, ಬೆರಳು ಬಿಚ್ಚಲಿಲ್ಲ. ಹಿಡಿಯುವುದಕ್ಕಿಂತ ಬಿಡುವುದು ಕಷ್ಟ ಅಂತ ಅವತ್ತು ಗೊತ್ತಾಯಿತು. ಅದನ್ನು ಕಲಿಯಲು ಇನ್ನೂ ನಾಲ್ಕು ತಿಂಗಳು ಹಿಡಿಯಿತು.

ಅವಳ ಬಲ ಮುಂಗೈ ಎಡದಕ್ಕಿಂತ ಒಂದು ಬೆರಳಗಲ ಗಿಡ್ಡ. ಅದರಲ್ಲಿ ಎಷ್ಟು ಪಾಲು ಅವತ್ತು ರಕ್ತ ನಿಂತಿದ್ದರಿಂದ, ಎಷ್ಟು ಪಾಲು ಮೆದುಳಿನಿಂದ ಅಂತ ಈಗ ಯಾರೂ ಬಿಡಿಸಿ ಹೇಳುವುದಿಲ್ಲ. ಅವಳಿಗೂ ಅದು ಬೇಕಿಲ್ಲ.

ಹೋದ ತಿಂಗಳು ನನ್ನ ಗೆಳತಿಯ ಮಗು ನೋಡಲು ಇಬ್ಬರೂ ಹೋಗಿದ್ದೆವು. ಹುಟ್ಟಿ ಒಂದು ದಿನ. ಗೆಳತಿಗೆ ನನ್ನ ಅಭ್ಯಾಸ ಗೊತ್ತು, ಕೇಳುವ ಮೊದಲೇ ‘ಬಿಚ್ಚಿ ನೋಡೇ’ ಅಂದಳು. ಕೈ ತೊಳೆದುಕೊಂಡು ಬಟ್ಟೆ ಬಿಚ್ಚಿದೆ. ಪಾದಗಳು ನೀಲಿಯಾಗಿದ್ದವು. ತಣ್ಣಗಿದ್ದವು. ಎರಡೂ ಒಂದೇ ಥರ ನೀಲಿ, ಒಂದೇ ಥರ ತಣ್ಣಗೆ. ಎರಡನ್ನೂ ಅಂಗೈಯಲ್ಲಿ ಹಿಡಿದು ಕೂತೆ. ಸ್ವಲ್ಪ ಹೊತ್ತಿಗೆ ಎರಡೂ ಒಟ್ಟಿಗೇ ಕೆಂಪಾದವು.

ಮಗಳು ತೊಟ್ಟಿಲ ಈ ಬದಿಯಲ್ಲಿ ನಿಂತು ತನ್ನ ಬಲಗೈಯ ತೋರುಬೆರಳನ್ನು ಕೂಸಿನ ಅಂಗೈಗೆ ಇಟ್ಟಳು. ಅದು ಗಟ್ಟಿಯಾಗಿ ಹಿಡಿಯಿತು. ಬಿಡಿಸಿಕೊಂಡು, ತೊಟ್ಟಿಲು ಸುತ್ತಿ ಆ ಬದಿಗೆ ಹೋಗಿ, ಅದೇ ಬೆರಳನ್ನು ಇನ್ನೊಂದು ಅಂಗೈಗೆ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ನಿಂತಿದ್ದಳು.

‘ಎರಡೂ ಹಿಡಿಯುತ್ತೆ ಅಮ್ಮ’ ಅಂದಳು.